ನಿತ್ಯಪುಷ್ಪ ಮತ್ತು ಹಳದಿ ಮಾತ್ರೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಬರೆಸಿದ ಶಾಸನ ಕುಶಲ ಪ್ರಶ್ನೆಯಿಂದ ಶುರುವಾಗುತ್ತದೆ. ಸುವರ್ಣಗಿರಿಯ ರಾಜಕುಮಾರ ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯ ಕೋರುತ್ತಾರೆ, ರಾಜಾಜ್ಞೆ ಆಮೇಲೆ. 1892ರಲ್ಲಿ ಬಿ.ಎಲ್. ರೈಸ್ ಈ ಬಂಡೆಯ ಬರಹವನ್ನು ಹೊರಜಗತ್ತಿಗೆ ತಿಳಿಸಿದ ಮೇಲೆ ವಿದ್ವಾಂಸರ ಕಣ್ಣು ಈ ಬಯಲಿನ ಮೇಲೆ ಬಿತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಬೆಟ್ಟದ ಬುಡವನ್ನು ಅಗೆಸಿದ. ಬೃಹತ್ ಶಿಲಾಗೋರಿಗಳು, ಅವುಗಳೊಳಗಿನ ಮೂಳೆ, ಮಡಕೆ, ಕಬ್ಬಿಣ ಎಲ್ಲಕ್ಕೂ ಕಾಲದ ಲೆಕ್ಕ ಹಾಕಿದ. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲವನ್ನು ಓದುವವರಿಗೆ ಆ ವರ್ಷ ಮುಖ್ಯ.

ಅದೇ 1947ರ ಡಿಸೆಂಬರ್ ಕೊನೆಯ ವಾರ, ಭೂಗೋಳದ ಇನ್ನೊಂದು ಬದಿಯ ಬಾಸ್ಟನ್‌ನಲ್ಲಿ, ಸಿಡ್ನಿ ಫಾರ್ಬರ್ ಎಂಬ ಮಕ್ಕಳ ರೋಗಶಾಸ್ತ್ರಜ್ಞ ಎರಡು ವರ್ಷದ ಹುಡುಗನೊಬ್ಬನಿಗೆ ಅಮಿನಾಪ್ಟರಿನ್ ಎಂಬ ಹೊಸ ಔಷಧದ ಚುಚ್ಚುಮದ್ದು ಕೊಟ್ಟ. ಹುಡುಗನಿಗೆ ಇದ್ದದ್ದು ತೀವ್ರ ಲ್ಯುಕೀಮಿಯಾ. ನಾವು ಊರಲ್ಲಿ 'ಬ್ಲಡ್ ಕ್ಯಾನ್ಸರ್' ಎಂದು ದನಿ ತಗ್ಗಿಸಿ ಹೇಳುವ ಕಾಯಿಲೆ. ಅಲ್ಲಿಯವರೆಗೆ ಅದಕ್ಕೆ ಮದ್ದೇ ಇರಲಿಲ್ಲ. ಮಗುವಿಗೆ ರಕ್ತ ಕೊಟ್ಟು, ನೋವು ತಗ್ಗಿಸಿ, ಕೆಲವು ವಾರ ಕಾಯುವುದಷ್ಟೇ ವೈದ್ಯ. ಆ ಹುಡುಗನ ರಕ್ತದಲ್ಲಿ ತುಂಬಿಹೋಗಿದ್ದ ಬಿಳಿಕಣಗಳು ಇಳಿದವು. ಊದಿಕೊಂಡಿದ್ದ ಗುಲ್ಮ ಕುಗ್ಗಿತು. ಎದ್ದು ಓಡಾಡಿದ. ಕೆಲವು ತಿಂಗಳಲ್ಲಿ ರೋಗ ಮರಳಿತು, ಹುಡುಗ ಉಳಿಯಲಿಲ್ಲ. ಆದರೆ ಔಷಧವೊಂದು ಲ್ಯುಕೀಮಿಯಾವನ್ನು ಹಿಂದಕ್ಕೆ ತಳ್ಳಬಲ್ಲದು ಎಂಬುದು ಖಚಿತವಾಯಿತು. ಫಾರ್ಬರ್ ಔಷಧ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತ್ತು. ವರದಿ 1948ರ ಜೂನ್ 3ರಂದು ಅಚ್ಚಾಯಿತು. ಅದರ ಶೀರ್ಷಿಕೆಯಲ್ಲೇ 'ತಾತ್ಕಾಲಿಕ' ಎಂಬ ಮಾತಿತ್ತು.

ಆ ಔಷಧವನ್ನು ತಯಾರಿಸಿ ಕೊಟ್ಟದ್ದು ಲೆಡರ್ಲಿ ಕಂಪನಿಯ ಪ್ರಯೋಗಾಲಯ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಯಲ್ಲಾಪ್ರಗಡ ಸುಬ್ಬರಾವ್. ಚಳ್ಳಕೆರೆ ಸೀಮೆಯವರಿಗೆ ಸುಬ್ಬರಾವ್ ಎಂದರೆ ತಳುಕಿನ ತ.ರಾ.ಸು. ನೆನಪಾಗುತ್ತಾರೆ, ಅದು ನ್ಯಾಯವೇ. ಈ ಇನ್ನೊಬ್ಬ ಸುಬ್ಬರಾವ್ 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದ ತೆಲುಗರು. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಖಾದಿ ತೊಟ್ಟದ್ದಕ್ಕೆ ಇಂಗ್ಲಿಷ್ ಪ್ರಾಧ್ಯಾಪಕರ ಕೋಪಕ್ಕೆ ಗುರಿಯಾಗಿ, ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿಗೆ ತೃಪ್ತಿಪಡಬೇಕಾಯಿತು. ಅಣ್ಣತಮ್ಮಂದಿರನ್ನು ಸ್ಪ್ರೂ ಎಂಬ, ಕರುಳು ಸೊರಗಿ ರಕ್ತ ಇಂಗುವ ಕಾಯಿಲೆ ಕೊಂಡೊಯ್ದಿತ್ತು. 1923ರಲ್ಲಿ ಬಾಸ್ಟನ್ ಸೇರಿದರು. ಹಾರ್ವರ್ಡ್‌ನಲ್ಲಿ ಫಿಸ್ಕೆ ಜೊತೆ ಸೇರಿ, ದೇಹದ ಪ್ರತಿ ಕಣದಲ್ಲೂ ಶಕ್ತಿಯನ್ನು ಹೊತ್ತು ತಿರುಗುವ ಎಟಿಪಿ ಎಂಬ ಅಣುವನ್ನು ಗುರುತಿಸಿದವರು ಅವರು. ಹಾರ್ವರ್ಡ್ ಆದರೂ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಕಂಪನಿ ಸೇರಿಕೊಂಡರು.

ಅಮಿನಾಪ್ಟರಿನ್‌ನ ಬೇರು ಹುಡುಕಿದರೆ ನಾವು ಮತ್ತೆ ಇಂಡಿಯಾಕ್ಕೇ ಬರುತ್ತೇವೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಬಸುರಿಯರಿಗೆ ಬರುತ್ತಿದ್ದ ವಿಚಿತ್ರ ರಕ್ತಹೀನತೆಯ ಕಾರಣ ಹುಡುಕಲು ಹೊರಟಳು. ಕಬ್ಬಿಣದ ಅಂಶ ಕೊಟ್ಟರೂ ಅದು ಇಳಿಯುತ್ತಿರಲಿಲ್ಲ. ಕೊನೆಗೆ ವಾಸಿ ಮಾಡಿದ್ದು ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ, ಉಪ್ಪುಪ್ಪಾದ ಲೇಹ್ಯ. ಅದರಲ್ಲಿದ್ದ ಆ ಗುಟ್ಟಿನ ಪದಾರ್ಥಕ್ಕೆ ಆಮೇಲೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಇವತ್ತು ಪ್ರತಿ ಆಶಾ ಕಾರ್ಯಕರ್ತೆ ಬಸುರಿಯರಿಗೆ ಹಂಚುವ ಕಬ್ಬಿಣದ ಮಾತ್ರೆಯಲ್ಲಿ ಜೊತೆಗಿರುವುದು ಅದೇ. 1945ರ ಹೊತ್ತಿಗೆ ಸುಬ್ಬರಾವ್ ಅವರ ತಂಡ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿತು.

ರಕ್ತ ಹುಟ್ಟಿಸಲು ಬೇಕಾದ ಪದಾರ್ಥವನ್ನು ಲ್ಯುಕೀಮಿಯಾದ ಮಕ್ಕಳಿಗೂ ಕೊಟ್ಟು ನೋಡಿದ ಫಾರ್ಬರ್‌ಗೆ, ರೋಗ ಕಡಿಮೆಯಾಗುವ ಬದಲು ಕೆರಳುವಂತೆ ಕಂಡಿತು. ಕೆಟ್ಟ ಕಣಗಳಿಗೂ ಅದೇ ಊಟ ಬೇಕು, ಒಳ್ಳೆಯವುಗಳಿಗಿಂತ ಹೆಚ್ಚೇ ಬೇಕು. ಹಾಗಾದರೆ ಊಟದ ಹಾಗೆ ಕಾಣುವ, ಆದರೆ ಹೊಟ್ಟೆ ತುಂಬಿಸದ ಪದಾರ್ಥವೊಂದನ್ನು ಕೊಟ್ಟರೆ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದು ಸಣ್ಣ ತುದಿ ಬದಲಿಸಿ ಅಂಥ ಹುಸಿ ಊಟವನ್ನೇ ತಯಾರಿಸಿತು. ಮೊದಲು ಅಮಿನಾಪ್ಟರಿನ್, ಹಿಂದೆಯೇ ಅದಕ್ಕಿಂತ ಸೌಮ್ಯವಾದ ಮೆಥೊಟ್ರೆಕ್ಸೇಟ್. ಹಳದಿ ಬಣ್ಣದ ಪುಡಿ. ಫಾರ್ಬರ್ ವರದಿ ಅಚ್ಚಾಗಿ ಎರಡು ತಿಂಗಳಾಗುತ್ತಲೇ, 1948ರ ಆಗಸ್ಟಿನಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ಹೆಸರು ಹೇಳಿಕೊಳ್ಳುವ ಸ್ವಭಾವ ಅವರದ್ದಾಗಿರಲಿಲ್ಲ. ಇತಿಹಾಸವೂ ಆ ಸ್ವಭಾವವನ್ನು ಸ್ವಲ್ಪ ಜಾಸ್ತಿಯೇ ಗೌರವಿಸಿತು ಎನ್ನಬೇಕು.

ಎರಡನೆಯ ಔಷಧದ ಕತೆ ಹೂವಿನದು. ನಿತ್ಯಪುಷ್ಪ, ಕಾಶಿ ಕಣಗಿಲೆ ಎಂದೆಲ್ಲ ಕರೆಯುವ, ವರ್ಷವಿಡೀ ನಸುಗೆಂಪು ಇಲ್ಲವೇ ಬಿಳಿ ಹೂ ಬಿಡುವ ಗಿಡ ಯಾರಿಗೆ ಗೊತ್ತಿಲ್ಲ? ಮೂಲ ಮಡಗಾಸ್ಕರ್ ಆದರೂ ನಮ್ಮ ಹಿತ್ತಲು, ಸ್ಮಶಾನ, ರಸ್ತೆಬದಿ ಎಲ್ಲ ಕಡೆ ಅದು ಮನೆ ಮಾಡಿಕೊಂಡಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಚಳ್ಳಕೆರೆ-ಮೊಳಕಾಲ್ಮೂರಿನಂಥ ನೆಲ ಅದಕ್ಕೆ ಹೇಳಿ ಮಾಡಿಸಿದ್ದು. ಎಲೆ ಕಹಿ, ಕುರಿಮೇಕೆ ಬಾಯಿ ಹಾಕುವುದಿಲ್ಲ. ಜಮೈಕಾ ದ್ವೀಪದ ಜನ ಸಕ್ಕರೆ ಕಾಯಿಲೆಗೆಂದು ಈ ಎಲೆಯ ಕಷಾಯ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿನ ವೈದ್ಯರೊಬ್ಬರು ಒಂದು ಲಕೋಟೆಯಲ್ಲಿ ಕೆಲವು ಎಲೆಗಳನ್ನು ಕೆನಡಾದ ಕ್ಲಾರ್ಕ್ ನೋಬಲ್‌ಗೆ ಕಳಿಸಿದರು. ಆತ ಅದನ್ನು ತನ್ನ ತಮ್ಮ, ಸಂಶೋಧಕ ರಾಬರ್ಟ್ ನೋಬಲ್‌ಗೆ ದಾಟಿಸಿದ. ಕಷಾಯ ಕುಡಿಸಿದ ಇಲಿಗಳ ಸಕ್ಕರೆ ಇಳಿಯಲೇ ಇಲ್ಲ. ಹಟ ಬಿಡದೆ ಚುಚ್ಚಿ ನೋಡಿದರೆ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆಂದು ಹುಡುಕಿದಾಗ ಅವುಗಳ ಬಿಳಿ ರಕ್ತಕಣ ಪಾತಾಳಕ್ಕಿಳಿದಿದ್ದವು. ಬೇರೆ ಯಾರಾದರೂ ಆಗಿದ್ದರೆ ಇಲಿಗಳ ಜೊತೆ ಎಲೆಯನ್ನೂ ಎಸೆಯುತ್ತಿದ್ದರು. ನೋಬಲ್ ಮತ್ತು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್, ಬಿಳಿಕಣ ಇಳಿಸುವ ಗುಣವೇ ಬಿಳಿಕಣ ಮಿತಿಮೀರಿದ ರೋಗಕ್ಕೆ ಬೇಕಾದದ್ದಲ್ಲವೇ ಎಂದು ಯೋಚಿಸಿ 1958ರಲ್ಲಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದ ವರದಿ ಕೊಟ್ಟರು. ಎಲೈ ಲಿಲ್ಲಿ ಕಂಪನಿಯವರು ಸ್ವತಂತ್ರವಾಗಿ ಅದೇ ಗಿಡದ ಬೆನ್ನು ಹತ್ತಿದ್ದರು. ಅವರಿಂದ ಬಂದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ಸುಮಾರು ಅರ್ಧ ಟನ್ ಒಣ ಎಲೆ ಬೇಕು.

ಅದು ಕೆಲಸ ಮಾಡುವ ರೀತಿಯನ್ನು ಮೊಳಕಾಲ್ಮೂರಿನ ನೇಕಾರರಿಗೆ ವಿವರಿಸುವುದು ಸುಲಭ. ಕಣವೊಂದು ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯಲು ಒಳಗೆ ಸಣ್ಣ ಎಳೆಗಳು ಹುಟ್ಟಿ ಕದಿರಿನ ಆಕಾರದಲ್ಲಿ ನಿಲ್ಲುತ್ತವೆ. ಜೀವವಿಜ್ಞಾನಿಗಳೂ ಅದನ್ನು ಕದಿರು ಎಂದೇ ಕರೆಯುತ್ತಾರೆ. ವಿನ್‌ಕ್ರಿಸ್ಟಿನ್ ಆ ಎಳೆ ಹೊಸೆಯಲು ಬಿಡುವುದಿಲ್ಲ. ಮಗ್ಗ ನಿಲ್ಲುತ್ತದೆ, ಕಣ ಸಾಯುತ್ತದೆ. ಆದರೆ ಅಂಥವೇ ಎಳೆಗಳು ನರಗಳ ಒಳಗೂ ಇವೆ. ಹಾಗಾಗಿ ಔಷಧ ತೆಗೆದುಕೊಂಡವರಿಗೆ ಬೆರಳ ತುದಿ ಜೋಮು ಹಿಡಿಯುತ್ತದೆ, ಗುಂಡಿ ಹಾಕಿಕೊಳ್ಳುವುದು ಕಷ್ಟವಾಗುತ್ತದೆ. ರೇಷ್ಮೆಯ ಕಡಿದ ಎಳೆಯನ್ನು ಬೆರಳಲ್ಲೇ ಮುಟ್ಟಿ ಹುಡುಕಿ ಗಂಟು ಹಾಕುವ ಕಸುಬಿನವರಿಗೆ ಇದು ಸಣ್ಣ ತೊಂದರೆಯಲ್ಲ. ಹಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಸರಿಹೋಗುವುದಿಲ್ಲ.

ಅರವತ್ತರ ದಶಕದಲ್ಲಿ ಅಮೆರಿಕದ ವೈದ್ಯರು ಈ ಔಷಧಗಳನ್ನು ಒಂದೊಂದಾಗಿ ಅಲ್ಲ, ಒಟ್ಟಿಗೇ ಕೊಡಲು ಧೈರ್ಯ ಮಾಡಿದರು. ಫ್ರೈ ಮತ್ತು ಫ್ರೈರೈಕ್ ನಾಲ್ಕು ಔಷಧಗಳ ಕೂಟ ಹೂಡಿದರು. ಮೆಂಫಿಸ್‌ನಲ್ಲಿ ಡೊನಾಲ್ಡ್ ಪಿಂಕೆಲ್, ಮಿದುಳಿನ ಸುತ್ತ ಅಡಗುವ ಕಣಗಳನ್ನೂ ಬಿಡದ ಚಿಕಿತ್ಸೆ ರೂಪಿಸಿದ. ಎಪ್ಪತ್ತರ ದಶಕದ ಹೊತ್ತಿಗೆ ಅಲ್ಲಿ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ ಬಂದ ಮಕ್ಕಳಲ್ಲಿ ಅರ್ಧದಷ್ಟು ಜನ ಬದುಕುತ್ತಿದ್ದರು. ಇವತ್ತು ಆ ಪ್ರಮಾಣ ಮುಂದುವರಿದ ದೇಶಗಳಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ.

ನಮ್ಮಲ್ಲಿ? 1981ರಲ್ಲಿ ಶಂಕರನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ಸಿನಿಮಾ ನೋಡಿ ಅತ್ತವರು ಈಗಲೂ ಇದ್ದಾರೆ. ನಾಯಕಿಗೆ ಲ್ಯುಕೀಮಿಯಾ, ಅಲ್ಲಿಗೆ ಕತೆ ಮುಗಿಯಿತು. ಕನ್ನಡ, ತೆಲುಗು, ಹಿಂದಿ ಸಿನಿಮಾಗಳು ಈ ರೋಗವನ್ನು ಬಹಳ ಇಷ್ಟಪಟ್ಟವು. ಮುಖದ ಅಂದ ಕೆಡಿಸದೆ, ಹಾಡಿಗೆ ಅಡ್ಡ ಬಾರದೆ, ಸರಿಯಾದ ರೀಲಿನಲ್ಲಿ ಸಾವು ತರುವ ಕಾಯಿಲೆ ಚಿತ್ರಕಥೆಗಾರರಿಗೆ ಬೇರೆಲ್ಲಿ ಸಿಗಬೇಕು? ಸಿನಿಮಾದವರು ಸುಳ್ಳು ಹೇಳಿದರು ಎನ್ನಲು ನನಗೆ ಮನಸ್ಸಿಲ್ಲ. ಎಪ್ಪತ್ತರ ದಶಕದಲ್ಲಿ ಇಂಡಿಯಾದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಈ ರೋಗದಿಂದ ಪಾರಾಗುತ್ತಿದ್ದ ಮಕ್ಕಳು ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. ಆದರೆ ಸಿನಿಮಾ ಬಿತ್ತಿದ ನಂಬಿಕೆ ರೋಗದ ಲೆಕ್ಕ ಬದಲಾದ ಮೇಲೂ ಬದಲಾಗಲಿಲ್ಲ. 'ಬ್ಲಡ್ ಕ್ಯಾನ್ಸರ್ ಅಂದಮೇಲೆ ಯಾಕೆ ಸುಮ್ಮನೆ ಹೊಲ ಮಾರೋದು' ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ.

ಲೆಕ್ಕ ಬದಲಾಗತೊಡಗಿದ್ದು 1984ರಲ್ಲಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾತ್, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಏಮ್ಸ್ ಮತ್ತು ಮದರಾಸಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನ ವೈದ್ಯರು ಸೇರಿ ಎಂಸಿಪಿ-841 ಎಂಬ ಚಿಕಿತ್ಸಾಕ್ರಮ ರೂಪಿಸಿದರು. ಅದರಲ್ಲಿ ಹೊಸ ಔಷಧ ಯಾವುದೂ ಇರಲಿಲ್ಲ. ಇದ್ದದ್ದು ನಮ್ಮ ಆಸ್ಪತ್ರೆಗಳು ತಾಳಬಲ್ಲ ಪ್ರಮಾಣ, ನಮ್ಮ ರೋಗಿಗಳು ತಾಳಬಲ್ಲ ವೇಳಾಪಟ್ಟಿ. ರಕ್ತಕಣ ಇಳಿದಾಗ ಬರುವ ಸೋಂಕನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಜೊತೆಗೆ ಬೆಳೆಯಿತು. ನಾಲ್ಕು ವರ್ಷ ರೋಗ ಮರಳದೆ ಉಳಿದವರ ಪ್ರಮಾಣ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಇದ್ದದ್ದು 45-60ರ ಮಟ್ಟಕ್ಕೆ ಏರಿತು. ನನ್ನ ಎಣಿಕೆಯಲ್ಲಿ ಭಾರತದ ರಕ್ತ ಕ್ಯಾನ್ಸರ್ ಇತಿಹಾಸದ ದೊಡ್ಡ ಘಟನೆ ಇದು. ಸುದ್ದಿಯಾಗಲಿಲ್ಲ, ಯಾಕೆಂದರೆ ಅದರಲ್ಲಿ ಸುದ್ದಿಯಾಗುವಂಥದ್ದು ಏನೂ ಇರಲಿಲ್ಲ.

ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಶುರುವಾದದ್ದು 1973ರಲ್ಲಿ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಸ್ಥಾಪಕ ನಿರ್ದೇಶಕರು ಡಾ. ಎಂ. ಕೃಷ್ಣ ಭಾರ್ಗವ. 1982ರಿಂದ ಮುಂಬಯಿ, ಮದರಾಸುಗಳ ಜೊತೆ ಬೆಂಗಳೂರಿನಲ್ಲೂ ಕ್ಯಾನ್ಸರ್ ನೋಂದಣಿ ನಡೆಯತೊಡಗಿ, ಯಾರಿಗೆ ಯಾವ ಕ್ಯಾನ್ಸರ್ ಎಂಬ ಲೆಕ್ಕ ಮೊದಲ ಸಲ ಸಿಕ್ಕತೊಡಗಿತು. ಮೊಳಕಾಲ್ಮೂರಿನಿಂದ ಹೊಸೂರು ರಸ್ತೆಯ ಆ ಗೇಟಿಗೆ ಸುಮಾರು 250 ಕಿಲೋಮೀಟರ್. ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾದ ಚಿಕಿತ್ಸೆ ಎರಡು-ಎರಡೂವರೆ ವರ್ಷದ್ದು. ಮೊದಲ ಕೆಲವು ತಿಂಗಳು ಆಸ್ಪತ್ರೆಯ ಪಕ್ಕದಲ್ಲೇ ಇರಬೇಕು. ಆಮೇಲೆ ಮನೆಯಲ್ಲಿ ದಿನಾ ಒಂದು ಮಾತ್ರೆ, ವಾರಕ್ಕೊಮ್ಮೆ ಸುಬ್ಬರಾವ್ ಅವರ ಆ ಹಳದಿ ಮಾತ್ರೆ, ಆಗಾಗ ರಕ್ತಪರೀಕ್ಷೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಎನ್ನುವುದನ್ನು ದಿನಕ್ಕೊಮ್ಮೆ ಎಂದು ತಿಳಿದರೆ ಪ್ರಾಣಕ್ಕೇ ಅಪಾಯ. ಸಂತೆಯ ದಿನ ಎಂದು ಗುರುತು ಮಾಡಿಕೊಳ್ಳುವುದು ಹಳ್ಳಿಯವರಿಗೆ ಸಲೀಸು. ಈ ಎರಡನೆಯ ಹಂತದಲ್ಲೇ ಬಹಳ ಜನ ಕೈಬಿಡುತ್ತಾರೆ. ಮಗು ಆಡಿಕೊಂಡಿದೆ, ಕೂದಲು ಬಂದಿದೆ, ಶಾಲೆಗೂ ಹೋಗುತ್ತಿದೆ. ಶೇಂಗಾ ಕೀಳುವ ಹೊತ್ತಿನಲ್ಲಿ ಬಸ್ ಹತ್ತಿ ಬೆಂಗಳೂರಿಗೆ ಯಾಕೆ ಹೋಗಬೇಕು? ಹಾಗೆ ಬಿಟ್ಟಾಗ ಮರಳಿ ಬರುವ ರೋಗ ಮೊದಲಿಗಿಂತ ಮೊಂಡ.

ಪಾಷಾಣದ ಕತೆಯನ್ನು ಬಿಡುವಂತಿಲ್ಲ. ಪ್ರೋಮೈಲೋಸೈಟಿಕ್ ಎಂಬ ಒಂದು ಬಗೆಯ ಲ್ಯುಕೀಮಿಯಾ ರಕ್ತಸ್ರಾವದಿಂದ ದಿನಗಳಲ್ಲೇ ಕೊಲ್ಲುತ್ತಿತ್ತು. ಚೀನಾದ ಹಾರ್ಬಿನ್‌ನಲ್ಲಿ ಎಪ್ಪತ್ತರ ದಶಕದಲ್ಲಿ ನಾಟಿ ವೈದ್ಯದ ಜಾಡು ಹಿಡಿದ ಝಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು ಆರ್ಸೆನಿಕ್ ಅದನ್ನು ಹಿಡಿಯುತ್ತದೆ ಎಂದು ಕಂಡರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು 1998ರಿಂದ, ದುಬಾರಿ ಔಷಧ ಕೊಳ್ಳಲಾಗದ ರೋಗಿಗಳಿಗೆ ಆರ್ಸೆನಿಕ್ ಒಂದನ್ನೇ ಕೊಡುತ್ತ ಬಂದು, 72 ರೋಗಿಗಳ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಬಹುಪಾಲು ಜನ ಗುಣವಾಗಿ, ಗುಣವಾಗಿಯೇ ಉಳಿದಿದ್ದರು. ಬಡತನದ ಒತ್ತಡದಿಂದ ಹುಟ್ಟಿದ ಆ ಪ್ರಯೋಗವನ್ನು ಶ್ರೀಮಂತ ದೇಶಗಳ ವೈದ್ಯರು ಗಮನವಿಟ್ಟು ಓದಿದರು. ಈಗ ಆ ರೋಗಕ್ಕೆ ಎಲ್ಲೆಡೆ ಆರ್ಸೆನಿಕ್ ಮೊದಲ ಸಾಲಿನ ಔಷಧ.

ದೊಡ್ಡವರಲ್ಲಿ ಕಾಣುವ ದೀರ್ಘಕಾಲದ ಮೈಲಾಯ್ಡ್ ಲ್ಯುಕೀಮಿಯಾದ ದಾರಿಯೇ ಬೇರೆ. 1960ರಲ್ಲಿ ಫಿಲಡೆಲ್ಫಿಯಾದ ನೋವೆಲ್ ಮತ್ತು ಹಂಗರ್‌ಫರ್ಡ್ ಈ ರೋಗಿಗಳ ಕಣಗಳಲ್ಲಿ ಮೊಟಕಾದ ಒಂದು ವರ್ಣತಂತು ಕಂಡರು. 1973ರಲ್ಲಿ ಜಾನೆಟ್ ರೌಲಿ, ಅದು ಮೊಟಕಾದದ್ದಲ್ಲ, 9 ಮತ್ತು 22ನೇ ತಂತುಗಳು ತುದಿ ಅದಲುಬದಲು ಮಾಡಿಕೊಂಡಿವೆ ಎಂದು ತೋರಿಸಿದಳು. ಒಂದು ಸೀರೆಯ ಸೆರಗನ್ನು ಇನ್ನೊಂದರ ಒಡಲಿಗೆ ಜೋಡಿಸಿದ ಹಾಗೆ. ಆ ತಪ್ಪು ಜೋಡಣೆಯಿಂದ ಹುಟ್ಟುವ ಕಿಣ್ವ ಬಿಡುವಿಲ್ಲದೆ 'ಬೆಳೆ, ಬೆಳೆ' ಎನ್ನುತ್ತಿರುತ್ತದೆ. ಹಾಗೆನ್ನಲು ಅದಕ್ಕೆ ಎಟಿಪಿ ಬೇಕು, ಸುಬ್ಬರಾವ್ ಗುರುತಿಸಿದ್ದ ಅದೇ ಎಟಿಪಿ. ಎಟಿಪಿ ಕೂರುವ ಜಾಗದಲ್ಲಿ ತಾನು ಕೂತು ಬಾಯಿ ಮುಚ್ಚಿಸುವ ಇಮಾಟಿನಿಬ್ ಎಂಬ ಮಾತ್ರೆಗೆ, ಬ್ರಯನ್ ಡ್ರೂಕರ್ ಮತ್ತಿತರರ ಶ್ರಮದಿಂದ, 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಅಸ್ಥಿಮಜ್ಜೆಯ ಕಸಿ ಬಿಟ್ಟರೆ ಈ ರೋಗಿಗಳಿಗೆ ಮೂರರಿಂದ ಐದು ವರ್ಷ ಆಯುಸ್ಸು. ಇಮಾಟಿನಿಬ್ ತೆಗೆದುಕೊಂಡವರಲ್ಲಿ ನೂರಕ್ಕೆ 83 ಜನ ಹತ್ತು ವರ್ಷವಾದರೂ ಬದುಕಿದ್ದರು. ನಮ್ಮ ದೇಶದಲ್ಲಿ ಈ ರೋಗ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನಲ್ಲಿ, ಸಂಸಾರ ಹೊತ್ತವರನ್ನು ಹಿಡಿಯುತ್ತದೆ. ಹಾಗಾಗಿ ಈ ಮಾತ್ರೆ ನಮಗೆ ಹೆಚ್ಚೇ ಬೇಕಾಗಿತ್ತು.

ಬೆಲೆ ಮಾತ್ರ ತಿಂಗಳಿಗೆ ಸುಮಾರು 1,20,000 ರೂಪಾಯಿ. ಹೈದರಾಬಾದಿನ ನ್ಯಾಟ್ಕೊ ಮೊದಲಾದ ಭಾರತೀಯ ಕಂಪನಿಗಳು ಅದೇ ಮಾತ್ರೆಯನ್ನು 8ರಿಂದ 10 ಸಾವಿರಕ್ಕೆ ಕೊಡುತ್ತಿದ್ದವು. ನೊವಾರ್ಟಿಸ್ ಉಚಿತವಾಗಿ ಮಾತ್ರೆ ಕೊಡುವ ಯೋಜನೆಯನ್ನೂ ನಡೆಸಿತು, ಅದರಿಂದ ಬದುಕಿದವರು ಸಾವಿರಾರು ಜನ, ಇದನ್ನು ಮರೆಯಬಾರದು. ಆದರೆ ದಾನಕ್ಕೂ ಹಕ್ಕಿಗೂ ಇರುವ ಅಂತರವೇ ಆಮೇಲಿನ ಜಗಳ. 1998ರಲ್ಲಿ ಚೆನ್ನೈನಲ್ಲಿ ಹಾಕಿದ್ದ ಪೇಟೆಂಟ್ ಅರ್ಜಿಯನ್ನು 2006ರ ಜನವರಿಯಲ್ಲಿ ಅಲ್ಲಿನ ಕಚೇರಿ ತಿರಸ್ಕರಿಸಿತು. ಗೊತ್ತಿರುವ ಪದಾರ್ಥದ ಹೊಸ ಹರಳು ರೂಪಕ್ಕೆ, ಗುಣ ಹೆಚ್ಚದೆ ಇದ್ದರೆ, ಪೇಟೆಂಟ್ ಇಲ್ಲ ಎಂಬುದು ಕಾನೂನಿನ 3(ಡಿ) ಕಲಮು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮೊಳಕಾಲ್ಮೂರು ಸೀರೆಯ ಹೆಸರನ್ನು ಕಾಪಾಡುವ ಭೌಗೋಳಿಕ ಸೂಚಿಯ ನೋಂದಣಿ ಕಚೇರಿ ಇರುವುದೂ ಚೆನ್ನೈನಲ್ಲೇ. ಬೌದ್ಧಿಕ ಆಸ್ತಿ ಎಂಬ ಒಂದೇ ಮಾತು ಒಂದು ಕಡೆ ನೇಕಾರನ ಅನ್ನ ಉಳಿಸಬಹುದು, ಇನ್ನೊಂದು ಕಡೆ ಅವನ ಮಾತ್ರೆಯನ್ನು ಕೈಗೆಟುಕದಂತೆ ಮಾಡಬಹುದು.

ಔಷಧ ಅಗ್ಗವಾದರೂ ಆಸ್ಪತ್ರೆಯ ಖರ್ಚು ಯಾರು ಕೊಡಬೇಕು? ಇಲ್ಲಿ ಮೊಳಕಾಲ್ಮೂರಿನ ಭೂಪಟ ನೋಡಬೇಕು. ತಾಲ್ಲೂಕಿನ ಮೂಡಲಿಗೆ ರಾಯದುರ್ಗ, ಅದು ಆಂಧ್ರದ ಅನಂತಪುರ ಜಿಲ್ಲೆ. ಪಡುವಲಿಗೆ ಕೂಡ್ಲಿಗಿ, ಆಗ ಅದು ಬಳ್ಳಾರಿ ಜಿಲ್ಲೆ. ಆಂಧ್ರ ಸರ್ಕಾರ ಬಡವರ ದೊಡ್ಡ ಕಾಯಿಲೆಗಳ ಖರ್ಚು ಹೊರುವ ಆರೋಗ್ಯಶ್ರೀ ಯೋಜನೆಯನ್ನು 2007ರ ಏಪ್ರಿಲ್‌ನಲ್ಲಿ ಮೊದಲು ತಂದದ್ದು ಮೂರು ಜಿಲ್ಲೆಗಳಲ್ಲಿ, ಅವುಗಳಲ್ಲಿ ಅನಂತಪುರ ಒಂದು. ಕರ್ನಾಟಕ 2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀಯನ್ನು ಗುಲ್ಬರ್ಗ ವಿಭಾಗದಲ್ಲಿ ಆರಂಭಿಸಿತು, ಬಳ್ಳಾರಿ ಜಿಲ್ಲೆ ಆ ವಿಭಾಗಕ್ಕೆ ಸೇರಿತ್ತು. ಚಿತ್ರದುರ್ಗ ಜಿಲ್ಲೆ ಬೆಂಗಳೂರು ವಿಭಾಗ. ಅಲ್ಲಿಗೆ ಯೋಜನೆ ಬಂದದ್ದು 2012ರ ಸುಮಾರಿಗೆ. ಅಂದರೆ ಕೆಲವು ವರ್ಷ ಮೊಳಕಾಲ್ಮೂರಿನ ಬಡವನಿಗೆ, ಮೂಡಲ ಹೊಲದಾಚೆಯ ನೆಂಟನಿಗೆ ಸಿಗುವ ಸೌಲಭ್ಯ ಇರಲಿಲ್ಲ, ಪಡುವಲ ಹೊಲದಾಚೆಯವನಿಗೆ ಸಿಗುವುದೂ ಇರಲಿಲ್ಲ. ಅದೇ ಬರ, ಅದೇ ಶೇಂಗಾ, ಅದೇ ಕನ್ನಡ-ತೆಲುಗು ಬೆರೆತ ಮಾತು.

ಈ ವಿಭಾಗದ ಗೆರೆ ಸಂಶೋಧಕರಿಗೆ ಒಂದು ಸಹಜ ಪ್ರಯೋಗವಾಗಿ ಒದಗಿತು. ನೀರಜ್ ಸೂದ್ ಮತ್ತು ಸಂಗಡಿಗರು ಯೋಜನೆ ಇದ್ದ 300, ಇಲ್ಲದ 272 ಗಡಿ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿ 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬರೆದರು. ಯೋಜನೆ ವ್ಯಾಪ್ತಿಯ ಕಾಯಿಲೆಗಳಿಂದ, ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರ್‌ನಿಂದ, ಬಡತನ ರೇಖೆಗಿಂತ ಕೆಳಗಿನವರಲ್ಲಿ ಆದ ಸಾವು ಗೆರೆಯ ಆಚೆ ನೂರಕ್ಕೆ 0.32, ಈಚೆ 0.90. ಯೋಜನೆಯನ್ನು ಹಂತಹಂತವಾಗಿ ತರುವುದು ಆಡಳಿತಕ್ಕೆ ಅನಿವಾರ್ಯವಿರಬಹುದು. ಆ ಹಂತಗಳ ನಡುವಿನ ವರ್ಷಗಳಲ್ಲಿ ಕಾಯುತ್ತಿದ್ದವರು ಯಾರು ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ.

ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಸುಮಾರು 1500 ಎಕರೆಯಲ್ಲಿ ಬಂದಿದೆ. ಅಮೃತಮಹಲ್ ಕಾವಲಿನ ಹುಲ್ಲುಗಾವಲು ಹೀಗೆ ವಿಜ್ಞಾನ ನಗರವಾದಾಗ ಕುರಿಗಾಹಿಗಳ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕುರಿಗೂ ಲ್ಯುಕೀಮಿಯಾಕ್ಕೂ ನಂಟಿದೆ ಎಂದರೆ ನಗಬೇಡಿ: ಎಪ್ಪತ್ತರ ದಶಕದಲ್ಲಿ ರೋಗಿಯ ಕಣ ಟಿ ಬಗೆಯದೋ ಅಲ್ಲವೋ ಎಂದು ತಿಳಿಯಲು ಕುರಿಯ ಕೆಂಪು ರಕ್ತಕಣಗಳ ಜೊತೆ ಬೆರೆಸುತ್ತಿದ್ದರು. ಟಿ ಕಣವಾದರೆ ಅವು ಸುತ್ತಲೂ ಅಂಟಿ ಗುಲಾಬಿಯಂತೆ ಕಾಣುತ್ತಿದ್ದವು. ಅದೇ ಸಂಸ್ಥೆಯ ಬೆಂಗಳೂರಿನ ಪ್ರಯೋಗಾಲಯದಲ್ಲಿ ಸತೀಶ್ ರಾಘವನ್, ಲಿಂಫೋಮಾದಲ್ಲಿ 14 ಮತ್ತು 18ನೇ ವರ್ಣತಂತುಗಳು ಯಾಕೆ ಅದೇ ಜಾಗದಲ್ಲಿ ಮುರಿಯುತ್ತವೆ ಎಂದು ವರ್ಷಗಟ್ಟಲೆ ಹುಡುಕಿದವರು. ಮುರಿದ ಡಿಎನ್‌ಎ ಕೂಡಿಕೊಳ್ಳದಂತೆ ತಡೆಯುವ ಎಸ್‌ಸಿಆರ್7 ಎಂಬ ಅಣುವನ್ನು ಅವರ ತಂಡ 2012ರಲ್ಲಿ ಪ್ರಕಟಿಸಿತು. ಅದು ನಿಜಕ್ಕೂ ಎಷ್ಟು ನಿರ್ದಿಷ್ಟವಾಗಿ ಕೆಲಸ ಮಾಡುತ್ತದೆ ಎಂಬ ಬಗ್ಗೆ ಆಮೇಲೆ ಬೇರೆ ಪ್ರಯೋಗಾಲಯಗಳು ತಕರಾರು ತೆಗೆದವು. ವಿಜ್ಞಾನ ನಡೆಯುವುದೇ ಹಾಗೆ.

ಈಗಿನ ದೊಡ್ಡ ಸುದ್ದಿ ಕಾರ್-ಟಿ. ರೋಗಿಯದೇ ಟಿ ಕಣಗಳನ್ನು ಹೊರತೆಗೆದು, ಕ್ಯಾನ್ಸರ್ ಕಣವನ್ನು ಗುರುತು ಹಿಡಿಯುವ ಹೊಸ ಕೊಂಡಿಯನ್ನು ಅವುಗಳಿಗೆ ತೊಡಿಸಿ, ಬೆಳೆಸಿ, ವಾಪಸು ಹಾಕುವುದು. ಅಮೆರಿಕದಲ್ಲಿ 2017ರಲ್ಲಿ ಮೊದಲ ಅನುಮತಿ ಸಿಕ್ಕಾಗ ಔಷಧದ ಬೆಲೆಯೇ ನಮ್ಮ ಲೆಕ್ಕದಲ್ಲಿ ಮೂರು ಕೋಟಿ ಮೀರುತ್ತಿತ್ತು. ಮುಂಬಯಿ ಐಐಟಿಯ ರಾಹುಲ್ ಪುರ್ವಾರ್ ಮತ್ತು ಟಾಟಾ ಸ್ಮಾರಕದ ವೈದ್ಯರು ರೂಪಿಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು, ಬೆಲೆ ಅದರ ಹತ್ತನೇ ಒಂದು ಭಾಗದ ಆಸುಪಾಸು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಬಾರ್ಸಿಲೋನಾದ ಆಸ್ಪತ್ರೆಯೊಂದರಿಂದ ತಂತ್ರಜ್ಞಾನ ಪಡೆದು, ತನ್ನ ಕಾರ್-ಟಿಯನ್ನು 2025ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಎರಡೂ ದೊಡ್ಡ ಸಾಧನೆ. ಹತ್ತನೇ ಒಂದು ಭಾಗ ಎಂದರೂ ಅದು ಒಂದು ಮಗ್ಗದ ಮನೆ ಇಡೀ ಜನ್ಮದಲ್ಲಿ ಕಾಣುವ ಹಣವಲ್ಲ ಎಂಬುದೂ ಅಷ್ಟೇ ನಿಜ. ಅಸ್ಥಿಮಜ್ಜೆಯ ಕಸಿಯ ಮಾತೂ ಬಹುಮಟ್ಟಿಗೆ ಹೀಗೆಯೇ, ಅಲ್ಲಿ ಹಣದ ಜೊತೆಗೆ ಹೊಂದುವ ದಾನಿಯೂ ಬೇಕು. ಒಡಹುಟ್ಟಿದವರಲ್ಲಿ ನಾಲ್ವರಿಗೊಬ್ಬರು ಹೊಂದುತ್ತಾರೆ. ಸೋದರಮಾವ, ಅತ್ತೆಮಗಳು ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ನಮ್ಮ ಕಡೆಯ ಮನೆಗಳಲ್ಲಿ ದಾಯಾದಿಗಳೊಳಗೂ ಹೊಂದಿಕೆ ಸಿಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಅದೇ ಮದುವೆಗಳು ಬೇರೆ ಅನುವಂಶೀಯ ಕಾಯಿಲೆಗಳನ್ನು ಹೊತ್ತು ತರುತ್ತವೆ ಎಂಬುದು ಬೇರೆ ಮಾತು.

ಇಷ್ಟೆಲ್ಲದರ ನಡುವೆ ರೋಗ ಮೊದಲು ಕಾಣಿಸಿಕೊಳ್ಳುವುದು ಬೆಂಗಳೂರಿನಲ್ಲಿ ಅಲ್ಲ. ವಾರಗಟ್ಟಲೆ ಬಿಡದ ಜ್ವರ, ಬಿಳಿಚಿದ ಮುಖ, ಹೊಡೆತ ಬೀಳದೆ ಮೂಡುವ ನೀಲಿ ಕಲೆ, ಹಲ್ಲುಜ್ಜಿದಾಗ ನಿಲ್ಲದ ರಕ್ತ, ರಾತ್ರಿ ಕಾಲು ಮೂಳೆ ನೋಯುತ್ತದೆ ಎಂದು ಅಳುವ ಮಗು. ಇವನ್ನು ಮೊದಲು ನೋಡುವುದು ಹಳ್ಳಿಯ ಆಸ್ಪತ್ರೆ. ಟೈಫಾಯ್ಡ್ ಎಂದೋ, ರಕ್ತ ಕಮ್ಮಿ ಎಂದೋ ಟಾನಿಕ್ ಬರೆದುಕೊಟ್ಟು ತಿಂಗಳು ಕಳೆಯುವುದೂ ಅಲ್ಲೇ. ರಕ್ತಕಣಗಳ ಪೂರ್ತಿ ಎಣಿಕೆ ಮತ್ತು ಗಾಜಿನ ಮೇಲೆ ಎಳೆದ ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಕೆಲವು ನೂರು ರೂಪಾಯಿಯ, ಅರ್ಧ ದಿನದ ಕೆಲಸ. 1845ರಲ್ಲಿ ಬರ್ಲಿನ್‌ನ ವಿರ್ಚೋ ಶವದ ರಕ್ತದಲ್ಲಿ ಈ ರೋಗವನ್ನು ಕಂಡಾಗ ಅವನ ಬಳಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇವತ್ತು ಆ ಗಾಜು, ಆ ಯಂತ್ರ, ಬಣ್ಣ ಎಲ್ಲ ಇರಬೇಕು. ನೋಡಲು ಕೂರುವ ಒಬ್ಬರು ಇದ್ದಾರೆಯೇ ಎಂಬುದನ್ನು ಹೋದವರು ಕೇಳಿಕೊಳ್ಳಬೇಕು.